ದಾಸವಾಳದ ಮೊಗ್ಗು ಅರಳುವ ಮೊದಲೇ ಹಳದಿಯಾಗಿ ಉದುರುತ್ತಿದ್ದರೆ

ಗಿಡ ಹಸಿರಾಗಿದೆ, ಮೊಗ್ಗೂ ಜಾಸ್ತಿ ಬಿಡ್ತಿದೆ, ಆದ್ರೆ ಎಲ್ಲವೂ ಹಳದಿಯಾಗಿ ಉದುರುತ್ತಿವೆ ಅಂದರೆ ಹೆಚ್ಚಾಗಿ ಮೊಗ್ಗಿನೊಳಗಿನ ಹುಳುವೇ ಕಾರಣ. ನನ್ನ ಕುಂಡದ ಗಿಡಕ್ಕೂ ಇದೇ ಆಗಿತ್ತು. ಆದರೂ ಮೊಗ್ಗು ಬಿಡಿಸಿ ನೋಡದೆ ಖಚಿತವಾಗಿ ಹೇಳೋಕಾಗಲ್ಲ.

ಈಗಷ್ಟೇ ಬಿದ್ದ ಮೊಗ್ಗನ್ನು ಉಗುರಿನಿಂದ ಸೀಳಿ. ಎಸಳುಗಳ ನಡುವೆ ಎಳ್ಳಿಗಿಂತ ಸಣ್ಣ, ಬಿಳಿ ಅಥವಾ ತಿಳಿಹಳದಿ ಮರಿಹುಳುಗಳು ಕಾಣಬಹುದು. ಕೆಲವು ಚಂಗನೆ ಹಾರುವುದೂ ಉಂಟು. ಇವು ಮಣ್ಣಿಗಿಳಿದು ಕೋಶವಾಗಿ, ನೊಣವಾಗಿ ಎದ್ದು, ಮತ್ತೆ ಮೊಗ್ಗಿನಲ್ಲೇ ಮೊಟ್ಟೆ ಇಡುತ್ತವೆ. ಈ ಸುತ್ತಿಗೆ ಸುಮಾರು 3 ವಾರ.

ಹಾಗಾಗಿ ಮೊದಲು ಬಿದ್ದ ಮೊಗ್ಗನ್ನೆಲ್ಲ ಆರಿಸಿ. ಗಿಡದಲ್ಲೇ ಹಳದಿಯಾದವನ್ನೂ ಕಿತ್ತು, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ಗೊಬ್ಬರದ ಗುಂಡಿಗೆ ಬೇಡವೇ ಬೇಡ. ಆಮೇಲೆ ಕುಂಡದ ಮೇಲಿನ ಒಂದಿಂಚು ಮಣ್ಣು ತೆಗೆದು ಹೊಸದು ಹಾಕಿ. ಮೊಗ್ಗು ಆರಿಸುವುದನ್ನು ದಿನಾ, ಒಂದು ತಿಂಗಳು ಬಿಡದೆ ಮಾಡಿ. ಸುಮ್ನೆ ಬೇವಿನೆಣ್ಣೆ ಹೊಡೆದರೆ ಸಾಲದು, ಮೊಗ್ಗಿನೊಳಗೆ ಅದು ಇಳಿಯುವುದಿಲ್ಲ.

ಒಳಗೆ ಹುಳು ಇಲ್ವಾ? ಮೊಗ್ಗನ್ನು ಬಿಳಿ ಹಾಳೆಯ ಮೇಲೆ ಕೊಡವಿ. ಗೆರೆಯಂಥ ಸಣ್ಣ ಕೀಟಗಳು ಓಡಾಡಿದರೆ ಥ್ರಿಪ್ಸ್. ಇದಕ್ಕೆ ಬೇವಿನೆಣ್ಣೆ ಆಗುತ್ತದೆ: ಲೀಟರ್ ನೀರಿಗೆ 5 ಮಿಲಿ, ಜೊತೆಗೆ ಕೆಲವು ಹನಿ ಸೋಪಿನ ದ್ರಾವಣ. ವಾರಕ್ಕೊಮ್ಮೆ, ಬಿಸಿಲು ಇಳಿದ ಮೇಲೆ ಸಿಂಪಡಿಸಿ.

ಎರಡೂ ಕಾಣದಿದ್ದರೆ ನೀರಿನ ಕಡೆ ನೋಡಿ. ಕುಂಡ ಪೂರ್ತಿ ಒಣಗಿ, ಆಮೇಲೆ ಒಮ್ಮೆಲೇ ನೀರು ತುಂಬಿದರೂ ಮೊಗ್ಗು ಉದುರುತ್ತದೆ. ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ಹಾಕಿ.