ಕಡಲಿನ ನೀರು ಪುಕ್ಕಟೆ ಸಿಗುವಾಗ ಉಪ್ಪುನೀರಿನ ಅಕ್ವೇರಿಯಂಗೆ 25,000 ಸಾಲದಾ?

ಕಾಸರಗೋಡಿನ ಕುಂಬಳೆ ಹತ್ತಿರ ಮನೆ, ಕಡಲು ಅಲ್ಲೇ, ನೀರಿಗೆ ದುಡ್ಡಿಲ್ಲ, ಒಂದೂವರೆ ಅಡಿಯ ಸಣ್ಣ ಟ್ಯಾಂಕು, 25,000 ಸಾಕಾ ಎಂದು ಕೇಳಿದ್ದೀರಿ. ಓದುವಾಗ ನನ್ನದೇ ಹಳೇ ನೋಟ್ ಪುಸ್ತಕ ಓದಿದ ಹಾಗಾಯಿತು. 2018ರ ಜನವರಿಯಲ್ಲಿ ನಾನೂ ಹೀಗೇ ಲೆಕ್ಕ ಬರೆದಿದ್ದೆ. ಅದರಲ್ಲಿ ಒಂದು ಸಾಲು: ‘ನೀರು – 0’. ಆ ಸೊನ್ನೆಯ ಕತೆಯನ್ನೇ ಹೇಳುತ್ತೇನೆ.

ನಮ್ಮದು ಪೆರ್ಲದ ಕಡೆ ಅಡಿಕೆ ತೋಟ. ಈ ಹುಚ್ಚು ಹಿಡಿಸಿದ್ದು ದುಬಾಯಿಯಲ್ಲಿರುವ ಭಾವ. ಅವರ ಫ್ಲ್ಯಾಟಿನಲ್ಲಿ ಒಂದು ಟ್ಯಾಂಕು ಇತ್ತು. ರಜೆಗೆ ಬರುವಾಗ ತಮ್ಮ ಹಳೇ ಪ್ರೋಟೀನ್ ಸ್ಕಿಮ್ಮರನ್ನು ಲುಂಗಿಯಲ್ಲಿ ಸುತ್ತಿ ತಂದುಕೊಟ್ಟರು. ಗಾಳಿಯ ಗುಳ್ಳೆ ಎಬ್ಬಿಸಿ ನೀರಿನ ಕೊಳೆಯನ್ನು ನೊರೆಯ ಜೊತೆ ಹೊರಗೆ ಹಾಕುವ ಯಂತ್ರ ಅದು. ದೊಡ್ಡ ಖರ್ಚೇ ತಪ್ಪಿತು ಎಂದುಕೊಂಡೆ.

ಉಳಿದದ್ದರ ಲೆಕ್ಕ ಇಲ್ಲಿದೆ. ಮೂರು ಅಡಿ ಉದ್ದದ, ಸುಮಾರು 160 ಲೀಟರ್ ಹಿಡಿಯುವ ಗಾಜಿನ ಟ್ಯಾಂಕಿಗೆ 4,000. ವೆಲ್ಡಿಂಗ್ ಮಾಡಿಸಿದ ಸ್ಟ್ಯಾಂಡಿಗೆ 4,500. ಎಲ್ಇಡಿ ಲೈಟಿಗೆ 3,500. ನೀರು ಓಡಾಡಿಸುವ ವೇವ್ ಮೇಕರ್ ಎರಡಕ್ಕೆ 2,400. ಒಣಗಿದ ಸುಣ್ಣದ ಕಲ್ಲು 15 ಕಿಲೋಗೆ 4,200, ಅದರದೇ ಜಾತಿಯ ಬಿಳಿ ಮರಳಿಗೆ 1,800. ನೀರಿನ ಪರೀಕ್ಷೆಯ ಕಿಟ್‌ಗಳಿಗೆ 3,200. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿಗೆ 1,700. ಒಟ್ಟು 25,300. ಕೊನೆಗೆ ಎರಡು ಕ್ಲೌನ್ ಮೀನು, ಎರಡು ಕ್ಲೀನರ್ ಸಿಗಡಿ, ಹತ್ತು ಬಸವನಹುಳು ಸೇರಿ 4,600. ಅಲ್ಲಿಗೆ 29,900. ಅಂದಿನ ಬೆಲೆ, ಅದೂ ಸ್ಕಿಮ್ಮರ್ ಪುಕ್ಕಟೆ ಬಂದ ಮೇಲೆ. ‘ಮೀನು ಸಾಕಲಿಕ್ಕೆ ಕಲ್ಲಿಗೂ ದುಡ್ಡಾ?’ ಎಂದು ಅಮ್ಮ ಕೇಳಿದರು. ನಮ್ಮ ಗುಡ್ಡದ ತುಂಬ ಕಲ್ಲೇ ಅಲ್ವಾ, ಅವರದೂ ನ್ಯಾಯವೇ.

ಈಗ ಆ ಸೊನ್ನೆಯ ವಿಷಯ.

ಕಡಲಿನ ನೀರು ತರಲು ಪಾತ್ರೆ ಬೇಕು. 200 ಲೀಟರಿನ ಹೊಸ ಪ್ಲಾಸ್ಟಿಕ್ ಡ್ರಮ್ಮಿಗೆ 900 ರೂಪಾಯಿ ಹೇಳಿದರು. ಮನೆಯ ಕೊಟ್ಟಿಗೆಯಲ್ಲಿ ನೀಲಿ ಡ್ರಮ್ಮೊಂದು ಸುಮ್ನೆ ಬಿದ್ದಿತ್ತು. ಮತ್ತೆ ಯಾಕೆ ದಂಡ ಎಂದು ಅದನ್ನೇ ಸೋಪಿನ ಪುಡಿ ಹಾಕಿ ಮೂರು ಸಲ ತೊಳೆದೆ. ಎರಡು ದಿನ ಬಿಸಿಲಿಗಿಟ್ಟೆ. ಮೂಸಿ ನೋಡಿದರೆ ವಾಸನೆ ಇಲ್ಲ. ಒಳಗೆ ಕೈಯಾಡಿಸಿದರೆ ನುಣ್ಣಗಿದೆ. ಪಿಕಪ್ಪಿನಲ್ಲಿ ಹೇರಿಕೊಂಡು ಬದಿಯಡ್ಕದ ಮೇಲಿಂದ ಕುಂಬಳೆಗೆ ಹೋಗಿ ನೀರು ತುಂಬಿಸಿ ತಂದೆ. ಅದು ನಾವು ಅಡಿಕೆಗೆ ಮದ್ದು ಬಿಡುವ ಡ್ರಮ್ಮು.

ತೋಟ ಇರುವವರಿಗೆ ಇಷ್ಟು ಹೇಳಿದರೆ ಸಾಕು. ನಿಮಗೆ ತೋಟ ಇದೆಯೋ ಇಲ್ಲವೋ ಗೊತ್ತಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಿರಲಿ ಎಂದು ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ತೂಕದಲ್ಲಿ ಅದರ ಕಾಲು ಪಾಲು ತಾಮ್ರವೇ. ಮದ್ದು ಹದವಾಗಿದೆಯಾ ಎಂದು ನೋಡಲು ಕತ್ತಿಯ ಅಲಗನ್ನು ಅದ್ದುತ್ತೇವೆ. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲಲಿಲ್ಲ ಎಂದು ಲೆಕ್ಕ. ಇದನ್ನು ಸಣ್ಣಂದಿನಿಂದ ನೋಡಿದವನು ನಾನು. ಆದರೂ ಡ್ರಮ್ಮು ತೊಳೆಯುವಾಗ ತಾಮ್ರ ಎಂಬ ಶಬ್ದ ತಲೆಗೆ ಬರಲಿಲ್ಲ.

ಲೆಕ್ಕ ನೋಡಿ. ಡ್ರಮ್ಮಿನ ತಳದ ಗೀರುಗಳಲ್ಲಿ ಒಂದೇ ಒಂದು ಗ್ರಾಂ ಮೈಲುತುತ್ತಿನಷ್ಟು ಅಂಟಿಕೊಂಡಿದೆ ಎನ್ನಿ. ಅದರಲ್ಲಿ ತಾಮ್ರ 250 ಮಿಲಿಗ್ರಾಂ. 200 ಲೀಟರಿಗೆ ಹಂಚಿದರೆ ಲೀಟರಿಗೆ 1.25 ಮಿಲಿಗ್ರಾಂ. ಉಪ್ಪುನೀರಿನ ಮೀನಿನ ಮೈಮೇಲೆ ಬಿಳಿ ಚುಕ್ಕೆ ರೋಗ ಬಂದಾಗ ಔಷಧಿಯಾಗಿ ತಾಮ್ರ ಹಾಕುವುದು ಉಂಟು. ಅದರ ಪ್ರಮಾಣ ಲೀಟರಿಗೆ ಸುಮಾರು 0.2 ಮಿಲಿಗ್ರಾಂ ಮಾತ್ರ. ಮೀನು ಅಷ್ಟನ್ನು ತಡೆದುಕೊಳ್ಳುತ್ತದೆ. ಸಿಗಡಿ, ಬಸವನಹುಳು, ಹವಳ ತಡೆದುಕೊಳ್ಳುವುದಿಲ್ಲ. ಹಾಗಾಗಿ ಆ ಒಂದು ಗ್ರಾಮಿನ ಆರನೇ ಒಂದು ಪಾಲು ಕರಗಿದರೂ ಕತೆ ಮುಗಿಯಿತು. ಸಿಗಡಿಯ ರಕ್ತದಲ್ಲಿ ಉಸಿರು ಹೊರುವುದೇ ತಾಮ್ರ, ಅದಕ್ಕೇ ಆ ರಕ್ತಕ್ಕೆ ನೀಲಿ ಛಾಯೆ. ಆದರೂ ನೀರಿನಲ್ಲಿ ಚೂರು ಹೆಚ್ಚಾದರೆ ಅದೇ ವಿಷ.

ಇದೆಲ್ಲ ಆಮೇಲೆ ತಿಳಿದದ್ದು. ಆಗ ನಡೆದದ್ದು ಹೀಗೆ. ನೀರು ಹಾಕಿ ಆರು ವಾರ ಮೀನಿಲ್ಲದೆ ಬಿಟ್ಟೆ. ಮೀನಿನ ಕೊಳೆಯಿಂದ ಹುಟ್ಟುವ ವಿಷವಾದ ಅಮೋನಿಯಾವನ್ನು ನೈಟ್ರೈಟ್, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ಸಮಯ ಬೇಕು. ಮಾರ್ಚಿಯಲ್ಲಿ ಕ್ಲೌನ್ ಮೀನು ತಂದೆ, ಚೆನ್ನಾಗಿ ತಿಂದವು. ಬಸವನಹುಳು ಬಿಟ್ಟೆ. ಮೂರನೇ ದಿನಕ್ಕೆ ಗಾಜಿನಿಂದ ಕಳಚಿ ಮರಳಿಗೆ ಬಿದ್ದವು. ಏಪ್ರಿಲಿನಲ್ಲಿ ಸಿಗಡಿ ಎರಡು. ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಮಗುಚಿ ಬಿದ್ದಿವೆ. ಮೀನುಗಳು ಮಾತ್ರ ಏನೂ ಆಗದವರ ಹಾಗೆ ಓಡಾಡುತ್ತಿವೆ.

ಉಪ್ಪು ಅಳೆದೆ, ಲೀಟರಿಗೆ 35 ಗ್ರಾಂ, ಕಡಲಿನಲ್ಲಿ ಇರುವಷ್ಟೇ ಇತ್ತು. ಅಮೋನಿಯಾ ಸೊನ್ನೆ. ಸೆಕೆಗೆ ಸತ್ತಿರಬೇಕು ಎಂದುಕೊಂಡು ಫ್ಯಾನು ಇಟ್ಟೆ. ಮಂಗಳೂರಿನ ಅಂಗಡಿಯವನಿಗೆ ಫೋನು ಮಾಡಿ ಜೋರು ಮಾಡಿದೆ. ಪಾಪ, ಅವನ ತಪ್ಪೇನೂ ಇರಲಿಲ್ಲ. ನೀರು ಬದಲಿಸಿ ನೋಡಿ ಎಂದ. ಬದಲಿಸಿದೆ. ಯಾವ ನೀರಿನಿಂದ? ಅದೇ ಡ್ರಮ್ಮಿನಲ್ಲಿ ವಾರಗಟ್ಟಲೆ ನಿಂತ ನೀರಿನಿಂದ. ಸಾವು ಕಂಡಾಗಲೆಲ್ಲ ನೀರು ಬದಲಿಸಿದೆ, ಬದಲಿಸಿದಾಗಲೆಲ್ಲ ಇನ್ನಷ್ಟು ತಾಮ್ರ ಹಾಕಿದೆ. ಮೇ ತಿಂಗಳಲ್ಲಿ 2,400 ಕೊಟ್ಟು ಮತ್ತೆರಡು ಸಿಗಡಿ ತಂದೆ. ಅವೂ ಹೋದವು.

ಮೇ ಕೊನೆಗೆ ಮದ್ದು ಬಿಡುವವ ಬಂದ. ಅಂಗಳದಲ್ಲಿ ನಿಂತು, ‘ಅಣ್ಣೇರೇ, ಮದ್ದಿನ ಡ್ರಮ್ಮು ಎಲ್ಲಿ?’ ಎಂದು ಕೂಗಿದ. ನಾನು ಟ್ಯಾಂಕಿನ ಮುಂದೆ ಕೂತಿದ್ದೆ. ಆಗಲೂ ಹೊಳೆಯಲಿಲ್ಲ ನೋಡಿ! ಹಿತ್ತಿಲಲ್ಲಿದೆ, ಒಳಗಿನ ನೀರು ಚೆಲ್ಲಬೇಡ ಎಂದೆ. ಅವನು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, ಮದ್ದಿನ ಡ್ರಮ್ಮಿಗೆ ಉಪ್ಪುನೀರು ಯಾರು ಹಾಕಿದ್ದು ಎಂದು ನಗಾಡಿದ. ‘ಮದ್ದಿನ’ ಎಂಬ ಶಬ್ದ ಎರಡನೇ ಸಲ ಕೇಳಿದಾಗ ಹೊಟ್ಟೆಯಲ್ಲಿ ತಣ್ಣಗಾಯಿತು. ಇದ್ದ ನೀರು ಚೆಲ್ಲಿ ಕತ್ತಿಯ ತುದಿಯಿಂದ ತಳ ಕೆರೆದೆ. ಮಸುಕು ನೀಲಿ ಪುಡಿ ಎದ್ದು ಬಂತು.

ಆಮೇಲೆ ತಾಮ್ರದ ಪರೀಕ್ಷೆ ಕಿಟ್ ತರಿಸಿದೆ, ಟ್ಯಾಂಕಿನ ನೀರಿನಲ್ಲೂ ಬಣ್ಣ ಬಂತು. ನೀರು ಚೆಲ್ಲಿದರೆ ಮುಗಿಯುವುದಿಲ್ಲವಾ ಎಂದು ನೀವು ಕೇಳಬಹುದು, ನಾನೂ ಕೇಳಿದ್ದೆ. ಮುಗಿಯುವುದಿಲ್ಲ. ಸುಣ್ಣದ ಕಲ್ಲು, ಸುಣ್ಣದ ಮರಳು ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತವೆ. ಹೊಸ ನೀರು ಹಾಕಿದರೆ ಮೆಲ್ಲ ಮೆಲ್ಲಗೆ ಬಿಡುತ್ತವೆ. ಹಾಗಾಗಿ ಕಲ್ಲು, ಮರಳು ಎರಡೂ ಹೊರಗೆ. ಗಾಜನ್ನು ವಿನೆಗರಿನಲ್ಲಿ ಉಜ್ಜಿ ಉಳಿಸಿಕೊಂಡೆ, ಅದರಿಂದ ಇವತ್ತಿನವರೆಗೆ ತೊಂದರೆ ಆಗಿಲ್ಲ. ಕಲ್ಲು ಮತ್ತು ಮರಳು 6,000, ಸಿಗಡಿ ಮತ್ತು ಹುಳು 3,100, ತಾಮ್ರದ ಕಿಟ್ ಹಾಗೂ ತಾಮ್ರ ಹೀರುವ ಫಿಲ್ಟರ್ ಸಾಮಾನು 2,200, ನಡುವೆ ಸತ್ತ ಸಿಗಡಿ 2,400. ಒಟ್ಟು 13,700. ಉಳಿಸಲು ಹೊರಟದ್ದು 900.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ‘ನೀರು ಪುಕ್ಕಟೆ’ ಎನ್ನುವುದನ್ನು ಮೊದಲು ಹೊಡೆದುಹಾಕಿ. ಉಪ್ಪಿನ ಪ್ಯಾಕೆಟ್ ತಂದು ಕಲಸಿದರೆ ಲೀಟರಿಗೆ ಸುಮಾರು 35 ಗ್ರಾಂ ಬೇಕು. 20 ಲೀಟರ್ ಬದಲಿಸಲು 700 ಗ್ರಾಂ. ಕಿಲೋಗೆ 250 ಎಂದರೂ 175 ರೂಪಾಯಿ. ನನ್ನ ಪಿಕಪ್ಪು ಕುಂಬಳೆಗೆ ಹೋಗಿ ಬರುವ ಡೀಸೆಲಿಗೆ ಇದಕ್ಕಿಂತ ಜಾಸ್ತಿ ಆಗುತ್ತಿತ್ತು, ಜೊತೆಗೆ ಅರ್ಧ ದಿನ. ನಿಮಗೆ ಕಡಲು ಹತ್ತಿರ, ಒಪ್ಪಿದೆ. ಆದರೆ ಮಳೆಗಾಲದಲ್ಲಿ ಏನು ಮಾಡುತ್ತೀರಿ? ಶಿರಿಯಾ ಹೊಳೆ ಕೆಂಪು ನೀರು ತಂದು ಸುರಿಯುವಾಗ ದಡದ ನೀರು ಕಡಲಿನದ್ದೂ ಅಲ್ಲ, ಹೊಳೆಯದ್ದೂ ಅಲ್ಲ. ಒಂದು ಜುಲೈಯಲ್ಲಿ ತಂದು ಅಳೆದೆ, 24 ತೋರಿಸಿತು. ಮಣ್ಣು ಬೇರೆ. ನಾನೀಗ ವರ್ಷವಿಡೀ ಪ್ಯಾಕೆಟ್ ಉಪ್ಪೇ. ಅಡುಗೆಯ ಪುಡಿ ಉಪ್ಪು ಅಲ್ಲ ಮತ್ತೆ, ಅಕ್ವೇರಿಯಂಗೆಂದೇ ಮಾಡಿದ್ದು.

ಒಂದೂವರೆ ಅಡಿಯ ಟ್ಯಾಂಕೂ ಬೇಡ. ಸಣ್ಣದು ಅಗ್ಗ, ಹೊಸಬರಿಗೆ ಸುಲಭ ಎಂದು ನೀವು ಅಂದುಕೊಂಡಿದ್ದೀರಿ. ಕೆಲಸ ಉಲ್ಟಾ. ಅದಕ್ಕೆ ಹಿಡಿಯುವುದೇ 40 ಲೀಟರ್ ಚಿಲ್ಲರೆ. ಬೇಸಿಗೆಯಲ್ಲಿ ದಿನಕ್ಕೆ ಒಂದು ಲೀಟರ್ ಆರಿದರೆ, ನಾಲ್ಕು ದಿನ ಮದುವೆಗೆಂದು ಹೋಗಿ ಬರುವಷ್ಟರಲ್ಲಿ ಉಪ್ಪು 35ರಿಂದ 38 ದಾಟುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಆರಿದ್ದಕ್ಕೆ ಸಿಹಿನೀರನ್ನೇ ಹಾಕಬೇಕು. ನಾನು ತೋಟದ ಮೇಲಿನ ಸುರಂಗದ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದ ನೀರು ಹಾಕುತ್ತೇನೆ. ತಾಮ್ರದ ಕಿಟ್‌ನಲ್ಲಿ ನೋಡಿದ ಮೇಲೆಯೇ ಶುರುಮಾಡಿದ್ದು, ಈಗ ಆ ವಿಷಯದಲ್ಲಿ ನನಗೆ ಯಾರನ್ನೂ ನಂಬಲಾಗುವುದಿಲ್ಲ! ಮೂರು ಅಡಿಗಿಂತ ಸಣ್ಣದು ಮಾಡುವುದಾದರೆ ಸಿಹಿನೀರಿನ ಗಪ್ಪಿ ಸಾಕಿ, ಚೆನ್ನಾಗಿರುತ್ತದೆ.

ಚಳಿ ದೇಶದವರ ಪಟ್ಟಿಯಲ್ಲಿ ಹೀಟರ್ ಇರುತ್ತದೆ. ನಮ್ಮ ಕಾಸರಗೋಡಿಗೆ ಅದು ಬೇಡ, ತಣ್ಣಗೆ ಮಾಡುವುದೇ ತಲೆನೋವು. ಚಿಲ್ಲರ್ ಕೊಳ್ಳಲು ಅವಸರ ಮಾಡಬೇಡಿ. ಪಡುವಣ ಬಿಸಿಲು ಬೀಳದ ಒಳಕೋಣೆ ನೋಡಿ ಇಡಿ, ನೀರಿನ ಮೇಲೆ ಸಣ್ಣ ಫ್ಯಾನು ಬಿಡಿ. ನನ್ನಲ್ಲಿ ಏಪ್ರಿಲಿನಲ್ಲಿ ಎರಡು ಡಿಗ್ರಿ ಇಳಿಯುತ್ತದೆ, ಕ್ಲೌನ್ ಮೀನಿಗೆ ಸಾಕಾಗಿದೆ. ಮಳೆಗಾಲದಲ್ಲಿ ಕರೆಂಟು ಹೋದರೆ ನೀರು ಓಡಾಡಿಸಲು ಒಂದು ವೇವ್ ಮೇಕರನ್ನು ಇನ್ವರ್ಟರಿಗೆ ಕೊಡಿ. ತಿಂಗಳ ಖರ್ಚು ಉಪ್ಪಿಗೆ 350, ಆಹಾರಕ್ಕೆ 150, ಕರೆಂಟು ದಿನಕ್ಕೆ 1.2 ಯುನಿಟ್ಟಿನ ಹತ್ತಿರ. ಎರಡು ತಿಂಗಳ ಬಿಲ್ಲಿನಲ್ಲಿ 70 ಯುನಿಟ್ ಚಿಲ್ಲರೆ ಏರುತ್ತದೆ. ನಿಮ್ಮ ಬಿಲ್ಲು ಈಗಲೇ ಸ್ಲ್ಯಾಬಿನ ಅಂಚಿನಲ್ಲಿದ್ದರೆ ಅದನ್ನೂ ನೋಡಿಕೊಳ್ಳಿ.

ಹವಳ, ಕಡಲಕುದುರೆ ಕೊಡುತ್ತೇವೆ ಎಂದು ಯಾರಾದರೂ ಮೆಲ್ಲಗೆ ಹೇಳಿದರೆ ಬೇಡ ಎನ್ನಿ. ನಮ್ಮ ಕಡಲಿನ ಹವಳವೂ ಕಡಲಕುದುರೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಕಡಲಿನಿಂದ ಕಿತ್ತು ತಂದ ಹವಳದ ಕಲ್ಲಿಗೂ ಇದೇ ಮಾತು. ಒಣ ಕಲ್ಲಿನಿಂದಲೇ ಶುರುಮಾಡಿ, ಆರು ವಾರ ಕಾದರೆ ಅದಕ್ಕೂ ಜೀವ ಬರುತ್ತದೆ. ಕ್ಲೌನ್ ಮೀನನ್ನು ನಮ್ಮ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ತೊಟ್ಟಿಯಲ್ಲೇ ಮರಿ ಮಾಡಿಸಿದ್ದಾರೆ. ಹಾಗಾಗಿ ಅಂಗಡಿಯಲ್ಲಿ ತೊಟ್ಟಿಯಲ್ಲಿ ಹುಟ್ಟಿದ ಮರಿಯೇ ಬೇಕು ಎಂದು ಕೇಳಿ. ಅದು ಗಟ್ಟಿ ಇರುತ್ತದೆ, ತಿನ್ನಲೂ ಹಟ ಮಾಡುವುದಿಲ್ಲ.

25,000 ಸಾಕಾ? ನನ್ನ ಪ್ರಕಾರ ಸಾಲದು. ಸ್ಕಿಮ್ಮರ್ ತಂದುಕೊಡುವ ಭಾವ ಇಲ್ಲದಿದ್ದರೆ 40,000 ಕೈಯಲ್ಲಿಟ್ಟುಕೊಂಡು ಹೊರಡಿ, ಅದರಲ್ಲಿ 10,000 ಮೊದಲ ಆರು ತಿಂಗಳು ಮುಟ್ಟಬೇಡಿ. ಅಷ್ಟು ಆಗದಿದ್ದರೆ ಒಂದು ವರ್ಷ ತಡೆಯಿರಿ. ರಿಫ್ರಾಕ್ಟೋಮೀಟರ್, ಪರೀಕ್ಷೆಯ ಕಿಟ್, ಹೊಸ ಡ್ರಮ್ಮು, ಹೊಸ ಬಕೆಟ್, ಹೊಸ ಪೈಪು, ಇವುಗಳಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಲೈಟು ಅಗ್ಗದ್ದಾದರೂ ನಡೆಯುತ್ತದೆ.

ಆ ನೀಲಿ ಡ್ರಮ್ಮು ಇನ್ನೂ ಕೊಟ್ಟಿಗೆಯಲ್ಲಿದೆ, ವರ್ಷಾ ವರ್ಷಾ ಮದ್ದಿಗೆ ಬಳಸುತ್ತೇವೆ. ಅದರ ಮೇಲೆ ಮಗಳು ಬಿಳಿ ಪೇಂಟಿನಲ್ಲಿ ‘ಮೀನಿಗಲ್ಲ, ಅಪ್ಪಾ’ ಎಂದು ಬರೆದಿದ್ದಾಳೆ.