ನಿಮ್ಮ ಲೇಖನ ಈ ಸಲ ಯಾಕೆ ಹಾಕ್ತಿಲ್ಲ ಅಂದ್ರೆ

ನಮಸ್ಕಾರ. ಸಕಲೇಶಪುರದಿಂದ ನೀವು ಕಳ್ಸಿದ ‘ಸೇನಾಬಲ ಮತ್ತು ಮಾನವ ಹಕ್ಕು’ ಲೇಖನ ಪೂರ್ತಿ ಓದ್ದೆ, ಮತ್ತೆ ಇನ್ನೊಂದ್ಸಲ ಓದ್ದೆ. ಈ ತಿಂಗಳು ನಮ್ಮ ಪತ್ರಿಕೇಲಿ ಹಾಕಕ್ಕಾಗಲ್ಲ. ಆದ್ರೆ ನಿಮಗೆ ಬರೆಯೋಕೆ ಬರುತ್ತೆ, ಅದಕ್ಕೇ ಬಿಡಿಸಿ ಹೇಳ್ತಿದೀನಿ, ಬೇಜಾರ್ ಮಾಡ್ಕೋಬೇಡಿ.

ವಿಯೆಟ್ನಾಂನಿಂದ ಶುರು ಮಾಡಿ ಇರಾಕ್, ಅಫ್ಘಾನಿಸ್ತಾನ, ಉಕ್ರೇನ್, ಗಾಜಾ, ತೈವಾನ್ ಅಂತ ಎಲ್ಲಾ ಕಡೆ ಹೋಗ್ಬಂದಿದೀರ, ಒಂದೊಂದಕ್ಕೆ ಒಂದೊಂದು ಪ್ಯಾರಾ. ಅಮೆರಿಕ ನಿರ್ಧರಿಸ್ತು, ರಷ್ಯಾ ಸಿಡಿದೆದ್ದಿತು, ಚೀನಾ ಹೊಂಚು ಹಾಕ್ತು, ಬರೀ ಇದೇ. ಹಕ್ಕಿನ ಬಗ್ಗೆ ಬರ್ದ ಲೇಖನದಲ್ಲಿ ಹಕ್ಕು ಕಳ್ಕೊಂಡ ಒಬ್ಬೇ ಒಬ್ಬ ಮನುಷ್ಯನೂ ಇಲ್ಲ.

ನಾಲ್ಕನೇ ಪುಟದಲ್ಲಿ ‘ಡಿಯಾಗೋ ಗಾರ್ಸಿಯಾದಲ್ಲಿ ಅಮೆರಿಕಕ್ಕೆ ನೆಲೆ ಇದೆ’ ಅಂತ ಒಂದು ಸಾಲು ಬರ್ದು ಮುಂದೆ ಹೋಗ್ಬಿಟ್ಟಿದೀರ. ನಿಮ್ಮ ಲೇಖನ ಇರೋದೇ ಅಲ್ಲಿ ಕಣ್ರೀ! ಅದು ಚಾಗೋಸ್ ದ್ವೀಪಗಳಲ್ಲಿ ಒಂದು, ನಮ್ಮ ಹಿಂದೂ ಮಹಾಸಾಗರದಲ್ಲೇ ಇದೆ. ಮಾರಿಷಸ್‌ಗೆ ಸ್ವಾತಂತ್ರ್ಯ ಕೊಡೋಕೆ ಮೂರು ವರ್ಷ ಮುಂಚೆ, 1965ರಲ್ಲಿ, ಬ್ರಿಟನ್ ಆ ದ್ವೀಪಗಳನ್ನ ಬೇರೆ ಮಾಡಿ ತನ್ನತ್ರ ಇಟ್ಕೊಳ್ತು, 1966ರಲ್ಲಿ ಸೇನಾ ನೆಲೆಗೆ ಅಂತ ಅಮೆರಿಕದ ಜೊತೆ ಒಪ್ಪಂದ. ಬಾಡಿಗೆ ಇಲ್ಲ, ಆದ್ರೆ ಒಳಗೊಳಗೆ ಪೊಲಾರಿಸ್ ಕ್ಷಿಪಣಿ ಖರೀದೀಲಿ ಬ್ರಿಟನ್‌ಗೆ 1.4 ಕೋಟಿ ಡಾಲರ್ ರಿಯಾಯಿತಿ. ಅಲ್ಲಿದ್ದ ಜನ ತಲೆಮಾರುಗಳಿಂದ ಕೊಬ್ಬರಿ ತೋಟದಲ್ಲಿ ದುಡೀತಿದ್ದೋರು (ಹೌದು, ನಮ್ಮ ಅರಸೀಕೆರೆ ಕಡೆ ಮಾಡೋ ಅದೇ ಕೊಬ್ಬರಿ). ಆಸ್ಪತ್ರೆಗೆ ಅಂತ ಮಾರಿಷಸ್‌ಗೆ ಹೋದೋರನ್ನ ವಾಪಸ್ ಹಡಗು ಹತ್ತಿಸ್ಲಿಲ್ಲ, ಆಮೇಲೆ ದಿನಸಿ ಬರೋದು ಕಮ್ಮಿ ಮಾಡಿದ್ರು, ಸಾಕಿದ್ದ ನಾಯಿಗಳನ್ನ ಕೊಂದ್ರು, 1973ರ ಹೊತ್ತಿಗೆ ಉಳಿದೋರನ್ನೆಲ್ಲ ಮಾರಿಷಸ್ಸು ಸೇಷೆಲ್ಸು ಅಂತ ತಂದು ಇಳಿಸಿದ್ರು. ಇದಕ್ಕೆ ಬ್ರಿಟನ್ ಕೊಟ್ಟ ಕಾರಣ, ಇವರು ಅಲ್ಲಿನ ಖಾಯಂ ನಿವಾಸಿಗಳೇ ಅಲ್ಲ, ಕಾಂಟ್ರಾಕ್ಟ್ ಕೂಲಿಗಳು ಅಂತ. ನೀವು ತೋಟದ ಸೀಮೆಯವರು. ಅಜ್ಜಿ ಕಾಲದಿಂದ ಲೈನ್ ಮನೇಲಿ ಇರೋರಿಗೆ, ತೋಟ ಕೈ ಬದಲಾದಾಗ, ನೀವು ಕೂಲಿಗೆ ಬಂದೋರು ಅಂತ ಯಾರಾದ್ರೂ ಅಂದ್ರೆ ಹೇಗಿರುತ್ತೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ, ಅದನ್ನ ಬೆಂಗಳೂರಲ್ಲಿ ಕೂತು ವಿದೇಶಾಂಗ ನೀತಿ ಬರೆಯೋರಿಗಿಂತ ನೀವು ಚೆನ್ನಾಗಿ ಬರೀಬಹುದು.

ಅದೇ ನೆಲೆಯಿಂದ 1991ರಲ್ಲಿ, 2001ರಲ್ಲಿ, 2003ರಲ್ಲಿ ಬಾಂಬರ್ ವಿಮಾನ ಹಾರಿದ್ವು. ನಿಮ್ಮ ಇರಾಕ್ ಪ್ಯಾರಾ, ಅಫ್ಘಾನಿಸ್ತಾನದ ಪ್ಯಾರಾ ಎರಡೂ ತಾನಾಗೇ ಇಲ್ಲಿಗೇ ಬಂದು ಸೇರ್ಕೊಳ್ಳುತ್ತೆ ನೋಡಿ. ಮುಂದಿನದು ಇನ್ನೂ ಮುಖ್ಯ. 2019ರ ಫೆಬ್ರವರಿಲಿ ಅಂತರರಾಷ್ಟ್ರೀಯ ನ್ಯಾಯಾಲಯ, ಬ್ರಿಟನ್ ಆದಷ್ಟು ಬೇಗ ಅಲ್ಲಿಂದ ತನ್ನ ಆಡಳಿತ ಮುಗಿಸ್ಬೇಕು ಅಂತ ಅಭಿಪ್ರಾಯ ಕೊಡ್ತು, ಮೇನಲ್ಲಿ ವಿಶ್ವಸಂಸ್ಥೆ ಮಹಾಸಭೇಲಿ 116 ದೇಶ ಮಾರಿಷಸ್ ಪರ, ಭಾರತವೂ ಸೇರಿ, ವಿರುದ್ಧ ಬರೀ 6. ಇದನ್ನ ಗೆಲುವು ಅಂತ ಬರೆಯೋ ಆಸೆ ಆಗುತ್ತೆ, ಬರೀಬೇಡಿ. 2025ರ ಮೇನಲ್ಲಿ ಬ್ರಿಟನ್ ಮಾರಿಷಸ್ ಸಹಿ ಹಾಕಿದ ಒಪ್ಪಂದದ ಪ್ರಕಾರ ದ್ವೀಪಗಳು ಮಾರಿಷಸ್‌ಗೆ ಸೇರಿದ್ರೂ ಡಿಯಾಗೋ ಗಾರ್ಸಿಯಾ 99 ವರ್ಷ ನೆಲೆಯಾಗೇ ಇರುತ್ತೆ, ಚಾಗೋಸ್ ಜನರನ್ನ ಮಾರಿಷಸ್ ಮತ್ತೆ ನೆಲೆಗೊಳಿಸಬಹುದಾದ್ದು ಉಳಿದ ದ್ವೀಪಗಳಲ್ಲಿ ಮಾತ್ರ, ನಮ್ಮನ್ನ ಕೇಳ್ದೇನೆ ಮಾತಾಡ್ಕೊಂಡ್ರು ಅಂತ ಎಷ್ಟೋ ಚಾಗೋಸ್ ಜನ ಈಗ್ಲೂ ಹೇಳ್ತಾರೆ. ದೇಶಕ್ಕೆ ಸಿಕ್ಕಿದ್ದೆಲ್ಲ ಜನಕ್ಕೆ ಸಿಗಲ್ಲ. ನಿಮ್ಮ ಲೇಖನ ಇಡೀ ಈ ಎರಡನ್ನೂ ಒಂದೇ ಅಂತ ಅಂದ್ಕೊಂಡಿದೆ.

ಇನ್ನು ಕೊನೆ ಪುಟ. ಇದನ್ನ ನೇರವಾಗೇ ಹೇಳ್ತೀನಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಜಪಾನಿ ಮೂಲದ ಸುಮಾರು 1,20,000 ಜನರನ್ನ ಕ್ಯಾಂಪಿಗೆ ಹಾಕಿದ್ದನ್ನ ಬರ್ದಿದೀರ, ಸರಿ. ಅದರ ಕೆಳಗೇ ‘ಭಾರತ ಎಂದೂ ಇಂಥ ಕೆಲಸ ಮಾಡಿಲ್ಲ’ ಅಂದಿದೀರ. ಮಾಡಿದೆ. 1962ರ ಚೀನಾ ಯುದ್ಧದ ಸಮಯದಲ್ಲಿ ಅಸ್ಸಾಂ, ಡಾರ್ಜಿಲಿಂಗ್ ಕಡೆಯ ಚೀನೀ ಮೂಲದ ಸುಮಾರು 3,000 ಜನರನ್ನ, ಹೆಂಗಸ್ರು ಮಕ್ಕಳ ಸಮೇತ, ರೈಲಿಗೆ ಹತ್ತಿಸಿ ರಾಜಸ್ಥಾನದ ದೇವಲಿ ಕ್ಯಾಂಪಲ್ಲಿ ಇಟ್ರು. ಇಲ್ಲೇ ಹುಟ್ಟಿ ಇಲ್ಲೇ ಓದ್ದೋರು ಅವರಲ್ಲಿ ಎಷ್ಟೋ ಜನ. ವಿಚಾರಣೆ ಇಲ್ಲ, ಕೆಲವರಿಗೆ ವರ್ಷಗಟ್ಟಲೆ ಬಿಡುಗಡೆ ಇಲ್ಲ. ಅಮೆರಿಕ 1988ರಲ್ಲಿ ಕಾನೂನು ಮಾಡಿ ಕ್ಷಮೆ ಕೇಳಿ ಬದುಕಿದ್ದೋರಿಗೆ ತಲಾ 20,000 ಡಾಲರ್ ಕೊಡ್ತು. ನಮ್ಮ ಸರ್ಕಾರ ಕ್ಷಮೆ ಕೇಳಿಲ್ಲ. ಇದನ್ನ ಬರೆದ್ರೆ ದೇಶದ್ರೋಹಿ ಅಂತಾರೆ ಅನ್ನೋ ಭಯ ನಿಮ್ಮ ವಯಸ್ಸಲ್ಲಿ ಸಹಜ, ಅನ್ನೋರು ಇದಾರೆ ಕೂಡ. ಆದ್ರೆ ಹೊರಗಿನೋರಿಗೆ ಒಂದು ಅಳತೆ ಮನೆಯೋರಿಗೆ ಒಂದು ಅಳತೆ ಇಟ್ಕೊಂಡು ಬರ್ದಿರೋದನ್ನ ನಾನು ಅಚ್ಚು ಹಾಕಲ್ಲ, ಬರ್ದೋರು ಯಾರೇ ಆಗಿರ್ಲಿ.

ಭಾಷೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ‘ರಕ್ತಪಿಪಾಸು’, ‘ದುರಹಂಕಾರಿ’ ಇವನ್ನೆಲ್ಲ ತೆಗೀರಿ, ನಡೆದಿದ್ದನ್ನ ನಡೆದ ಹಾಗೆ ಹೇಳಿದ್ರೆ ಓದೋರಿಗೇ ಸಿಟ್ಟು ಬರುತ್ತೆ.

ಚಾಗೋಸ್ ಒಂದನ್ನೇ ಇಟ್ಕೊಂಡು 1,200 ಪದದೊಳಗೆ ಬರ್ದು ಕಳ್ಸಿ, ದೇವಲಿದು ಬೇರೆ ಲೇಖನ ಆಗ್ಲಿ. ಯುಗಾದಿ ಸಂಚಿಕೇಲಿ ಎರಡು ಪುಟ ಬಿಟ್ಟಿರ್ತೀನಿ. ಹಾಸನಕ್ಕೆ ಬಂದಾಗ ಆಫೀಸ್ ಕಡೆ ಬನ್ನಿ, ನ್ಯಾಯಾಲಯದ ಆ ಅಭಿಪ್ರಾಯ ಪ್ರಿಂಟ್ ತೆಗೆಸಿಟ್ಟಿದೀನಿ, ತಗೊಂಡು ಹೋಗಿ.