‘ಅತ್ತಿಗೆ ಇದ್ದಾರಲ್ಲ’: ಮುಂದಕ್ಕೆ ಹೋದ ಕ್ರಿಸ್‌ಮಸ್‌ನ ಒಂದು ಪ್ರಕರಣ

ಸಲಹಾರ್ಥಿಯ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆದಿದ್ದೇನೆ.

ನಲವತ್ತೈದರ ಆಸುಪಾಸಿನ ಆ ಮಹಿಳೆ ಡಿಸೆಂಬರ್ 29ರಂದು ನನ್ನ ಬಳಿಗೆ ಬಂದವರೇ ‘ನನಗೆ ಹಬ್ಬವೇ ಬೇಡವಾಗಿದೆ’ ಎಂದರು. ಅವರು ಮನೆಯ ಹಿರಿಸೊಸೆ. ಕ್ರಿಸ್‌ಮಸ್‌ಗೆ ಮೂರು ದಿನವಿರುವಾಗ ಅತ್ತೆ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ್ದರು. ನರ್ಸ್ ಆಗಿರುವ ಓರಗಿತ್ತಿಗೆ ಆ ವಾರ ರಜೆ ಸಿಕ್ಕಿರಲಿಲ್ಲ. ದೂರದ ಊರಿನಲ್ಲಿರುವ ನಾದಿನಿಯ ಕುಟುಂಬ ಪ್ರಯಾಣವನ್ನು ರದ್ದುಮಾಡಿತ್ತು. ನಾಲ್ಕು ಮನೆಗಳ 19 ಮಂದಿ ಒಟ್ಟು ಸೇರುವ ಹಬ್ಬವನ್ನು ಜನವರಿಯ ಮೂರನೆಯ ಶನಿವಾರಕ್ಕೆ ಮುಂದೂಡುವುದೆಂದು ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ತೀರ್ಮಾನವಾಯಿತು. ಯಾರ ಮನೆಯಲ್ಲಿ ಎಂಬ ಪ್ರಶ್ನೆಗೆ ನಾದಿನಿ ಬರೆದದ್ದು ಎರಡೇ ಪದ: ‘ಅತ್ತಿಗೆ ಇದ್ದಾರಲ್ಲ.’ ಅದರ ಕೆಳಗೆ ಒಬ್ಬೊಬ್ಬರಾಗಿ ಹೆಬ್ಬೆರಳೆತ್ತಿ ಒಪ್ಪಿಗೆ ಸೂಚಿಸಿದರು. ಇವರು ಆ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿ ಅತ್ತೆಯ ಮಂಚದ ಪಕ್ಕ ಕುಳಿತಿದ್ದರು. 26ರ ಬೆಳಿಗ್ಗೆ ಮನೆಗೆ ಬಂದು ಗೋದಲಿಯನ್ನು ಕಳಚಿ ಪೆಟ್ಟಿಗೆಗೆ ತುಂಬಿದರು. ಎಂಟು ವರ್ಷದ ಮಗಳು ಅಳುತ್ತಿದ್ದರೂ ತಾನು ನಿಲ್ಲಿಸಲಿಲ್ಲ ಎಂಬುದನ್ನು ಹೇಳುವಾಗ ಅವರ ದನಿ ನಡುಗಿತು.

ಅವರು ನಿಷ್ಠೆಯಿಂದ ಚರ್ಚಿಗೆ ಹೋಗುವವರಾದ್ದರಿಂದ, ತಾರೀಕು ತಪ್ಪಿದ್ದೇ ಅವರ ನೋವಿಗೆ ಮೂಲವೆಂದು ನಾನು ಮೊದಲು ಭಾವಿಸಿದೆ. ಸುವಾರ್ತೆಗಳಲ್ಲಿ ಯೇಸುವಿನ ಜನನದ ದಿನಾಂಕವೇ ಇಲ್ಲವೆಂಬುದನ್ನೂ, ಡಿಸೆಂಬರ್ 25ರ ಆಚರಣೆಯ ಅತ್ಯಂತ ಹಳೆಯ ದಾಖಲೆ 4ನೇ ಶತಮಾನದ ರೋಮ್‌ನದೆಂಬುದನ್ನೂ, ಆರ್ಮೇನಿಯಾದ ಚರ್ಚು ಜನವರಿ 6ರಂದೂ ಜೂಲಿಯನ್ ಪಂಚಾಂಗವನ್ನು ಅನುಸರಿಸುವ ರಷ್ಯಾ, ಸರ್ಬಿಯಾದ ಆರ್ಥೊಡಾಕ್ಸ್ ಚರ್ಚುಗಳು ಜನವರಿ 7ರಂದೂ ಕ್ರಿಸ್ತಜಯಂತಿಯನ್ನು ಆಚರಿಸುತ್ತವೆಂಬುದನ್ನೂ ನೆನಪಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ‘ಇದು ನನಗೂ ಗೊತ್ತಿದೆ ಮೇಡಂ. ತಾರೀಕು ಯಾವುದಾದರೂ ಆಗಲಿ, ನನ್ನನ್ನು ಒಂದು ಮಾತು ಕೇಳಬಹುದಿತ್ತು’ ಎಂದರು. ಹೇಳುವ ಆತುರದಲ್ಲಿ ಕೇಳಿಸಿಕೊಳ್ಳುವುದನ್ನು ಮರೆತ ಆ ಅರ್ಧ ಗಂಟೆ ನನ್ನದೇ ತಪ್ಪು.

ಹೀಗಾಗಿ ಎರಡನೆಯ ಭೇಟಿಗೆ ಬರುವಾಗ, ಈ ಹಬ್ಬಕ್ಕಾಗಿ ಯಾವ ಯಾವ ಕೆಲಸಗಳು ನಡೆದವು, ಇನ್ನು ಯಾವುವು ಆಗಬೇಕು, ಪ್ರತಿಯೊಂದನ್ನೂ ಯಾರು ಮಾಡಿದರು ಎಂಬುದನ್ನು ಬರೆದು ತರಲು ಕೇಳಿಕೊಂಡೆ. 34 ಕೆಲಸಗಳ ಪಟ್ಟಿ ಬಂತು. ಅದರಲ್ಲಿ 27ರ ಮುಂದೆ ಅವರದೇ ಹೆಸರಿತ್ತು. ಕೋಣೆಗಳನ್ನು ಸಿದ್ಧಪಡಿಸುವುದು, ಉಡುಗೊರೆ ಕಟ್ಟುವುದು ಮುಂತಾದವಷ್ಟೇ ಅಲ್ಲದೆ, ಯಾರಿಗೆ ಯಾರೊಂದಿಗೆ ಮಾತಿಲ್ಲ, ಯಾರ ಪಕ್ಕ ಯಾರನ್ನು ಕೂರಿಸಬಾರದು, ಯಾವ ಮಗುವಿಗೆ ಕಳೆದ ವರ್ಷ ಏನು ಕೊಟ್ಟಿತ್ತು ಎಂಬ ನೆನಪುಗಳೂ ಅದರಲ್ಲಿದ್ದವು. ಬಂಧುಬಳಗವನ್ನು ಒಟ್ಟಿಗೆ ಹಿಡಿದಿಡುವ ಈ ದುಡಿಮೆಯನ್ನು ಸಮಾಜಶಾಸ್ತ್ರಜ್ಞೆ ಕ್ಯಾರೊಲಿನ್ ರೋಸೆಂಥಾಲ್ 1985ರಲ್ಲೇ ಅಧ್ಯಯನ ಮಾಡಿದ್ದರು. ಅದು ಬಹುತೇಕ ಹೆಂಗಸರ ಪಾಲಿಗೇ ಬರುತ್ತದೆಂದು ಅವರು ಕಂಡುಕೊಂಡಿದ್ದರು. ನಾನಿದನ್ನು ‘ನಂಟು ಕಾಯುವ ಕೆಲಸ’ ಎನ್ನುತ್ತೇನೆ. ಹಬ್ಬ ಮುಂದಕ್ಕೆ ಹೋದಾಗ ಉಳಿದವರ ಪಾಲಿಗೆ ಒಂದು ದಿನಾಂಕ ಮಾತ್ರ ಬದಲಾಗುತ್ತದೆ, ಈ ಕೆಲಸ ಮಾಡುವವರು ಮಾತ್ರ ಅದೇ ಹಬ್ಬವನ್ನು ಒಮ್ಮೆ ಕಟ್ಟಿ, ಕೆಡವಿ, ಮತ್ತೊಮ್ಮೆ ಕಟ್ಟಬೇಕಾಗುತ್ತದೆ.

ಇನ್ನೊಂದು ತೊಡಕೂ ಇತ್ತು. ಅವರು ನಾದಿನಿಗೆ ನೇರವಾಗಿ ಏನನ್ನೂ ಹೇಳಿರಲಿಲ್ಲ. ಗಂಡನ ಮುಂದೆ ಗೊಣಗುತ್ತಿದ್ದರು, ಗಂಡ ಅದನ್ನು ಅರ್ಧಕ್ಕಿಳಿಸಿ ತಂಗಿಗೆ ತಲುಪಿಸುತ್ತಿದ್ದರು, ಅಲ್ಲಿಂದ ಬಂದ ಉತ್ತರವನ್ನು ಮತ್ತಷ್ಟು ಮೆತ್ತಗಾಗಿಸಿ ಹೆಂಡತಿಗೆ ಒಪ್ಪಿಸುತ್ತಿದ್ದರು. ಇಬ್ಬರ ನಡುವಿನ ಬಿಗುಪು ಮೂರನೆಯವರ ಹೆಗಲೇರುವ ಇಂಥ ಏರ್ಪಾಡನ್ನು ಮನೋವೈದ್ಯ ಮರ್ರೆ ಬೋವೆನ್ ತ್ರಿಕೋನವೆಂದು ವರ್ಣಿಸಿದ್ದಾರೆ. ತ್ರಿಕೋನದಲ್ಲಿ ಜಗಳ ಜೋರಾಗುವುದಿಲ್ಲ, ಹಾಗೆಂದು ಮುಗಿಯುವುದೂ ಇಲ್ಲ.

ಕೂಟವನ್ನೇ ರದ್ದುಮಾಡಿಬಿಡಬೇಕೆಂಬ ಅವರ ಯೋಚನೆಯನ್ನು ನಾನು ಒಪ್ಪಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಅತ್ತೆ, ‘ನಿಮಗೆಲ್ಲ ಆಯಿತು, ನನಗೆ ಈ ಸಲದ ಕ್ರಿಸ್‌ಮಸ್ ಇನ್ನೂ ಬಂದಿಲ್ಲ’ ಎಂದಿದ್ದರಂತೆ. ಆ ಮಾತಿಗೆ ತೂಕವಿತ್ತು. ವೊಲಿನ್ ಮತ್ತು ಬೆನೆಟ್ ಎಂಬ ಸಂಶೋಧಕರು 1984ರಲ್ಲಿ ಕುಟುಂಬದ ಆಚರಣೆಗಳನ್ನು ವಿಂಗಡಿಸುವಾಗ, ಸಮಾಜವೆಲ್ಲ ಕೂಡಿ ಆಚರಿಸುವ ಹಬ್ಬಗಳನ್ನೂ ಆಯಾ ಕುಟುಂಬವೇ ರೂಢಿಸಿಕೊಂಡ ಸಂಪ್ರದಾಯಗಳನ್ನೂ ಬೇರೆಬೇರೆಯಾಗಿ ಇಟ್ಟರು. ಜನವರಿಯ ಮೂರನೆಯ ವಾರದಲ್ಲಿ ಮೊದಲನೆಯದು ಸಿಗುವುದಿಲ್ಲ. ಬೀದಿಯ ದೀಪಗಳು ಇಳಿದಿರುತ್ತವೆ, ಚರ್ಚಿನ ಗಾಯನ ಬದಲಾಗಿರುತ್ತದೆ. ಎರಡನೆಯದಕ್ಕೆ ಮಾತ್ರ ದಿನಾಂಕದ ಹಂಗಿಲ್ಲ. ಆದ್ದರಿಂದ ಡಿಸೆಂಬರ್‌ನ ಹಬ್ಬವನ್ನು ಇಡಿಯಾಗಿ ಮತ್ತೆ ಹೂಡುವ ಬದಲು, ಈ ಮನೆಗೇ ಸೇರಿದ ಎರಡು ಮೂರು ಸಂಗತಿಗಳನ್ನು ಮಾತ್ರ ಆರಿಸಿಕೊಳ್ಳಲು ಹೇಳಿದೆ. ಅವರು ಯೋಚಿಸಿ ಮೂರನ್ನು ಹೆಸರಿಸಿದರು: ಅತ್ತೆ ನಡೆಸುವ ಪ್ರಾರ್ಥನೆ, ಅತಿ ಕಿರಿಯ ಮಗು ಬಾಲಯೇಸುವಿನ ಮೂರ್ತಿಯನ್ನು ಗೋದಲಿಯಲ್ಲಿಡುವುದು, ಎಲ್ಲರೂ ಕೂಡಿ ಹಾಡುವ ಒಂದು ಹಾಡು. ಫೆಬ್ರವರಿ 2ರವರೆಗೆ, ಅಂದರೆ ಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದವರೆಗೆ ಗೋದಲಿಯನ್ನು ಉಳಿಸುವ ಹಳೆಯ ಪದ್ಧತಿ ಹಲವೆಡೆ ಇದೆಯೆಂದಾಗ ಅವರು ಮೊದಲ ಬಾರಿಗೆ ನಕ್ಕು, ‘ಹಾಗಾದರೆ ಪೆಟ್ಟಿಗೆ ತೆಗೆಯಬಹುದು’ ಎಂದರು.

ನಾದಿನಿಯ ವಿಷಯದಲ್ಲಿ ನನ್ನ ಸಲಹೆ ಖಚಿತವಾಗಿತ್ತು. ಗುಂಪಿನಲ್ಲಿ ಏನನ್ನೂ ಬರೆಯಬೇಡಿ, ಗಂಡನ ಮೂಲಕ ಹೇಳಿಸಬೇಡಿ, ಹಿಂದಿನ ವರ್ಷಗಳ ಲೆಕ್ಕ ತೆಗೆಯಬೇಡಿ. ನೀವೇ ಫೋನ್ ಮಾಡಿ, ಒಪ್ಪಿಗೆಯಿಂದ ಆರಂಭಿಸಿ ಷರತ್ತನ್ನು ಸ್ಪಷ್ಟವಾಗಿ ಹೇಳಿ ಎಂದೆ. ‘ನಮ್ಮ ಮನೆಯಲ್ಲೇ ಸೇರೋಣ. ಆದರೆ ನಾನು ಈ ತಿಂಗಳು ತುಂಬಾ ದಣಿದಿದ್ದೇನೆ. ಅಡುಗೆಯನ್ನು ಉಳಿದ ಮೂರು ಮನೆಗಳು ಹಂಚಿಕೊಳ್ಳಿ, ಆ ಹಂಚಿಕೆಯನ್ನು ನೀನು ನೋಡಿಕೊಳ್ಳಬೇಕು’ ಎಂಬ ಮಾತನ್ನು ಅವರು ನನ್ನೆದುರೇ ನಾಲ್ಕು ಬಾರಿ ಹೇಳಿ ಅಭ್ಯಾಸ ಮಾಡಿದರು. ಮೊದಲ ಮೂರು ಬಾರಿಯೂ ‘ತಪ್ಪು ತಿಳಿಯಬೇಡ’ ಎಂದೇ ಶುರುಮಾಡಿದ್ದನ್ನು ತೋರಿಸಿಕೊಟ್ಟೆ.

ಮಗಳಿಗೆ ಮನೆಯಲ್ಲಿ ಯಾರೋ ‘ಅಜ್ಜಿಗೆ ಹುಷಾರಿಲ್ಲ, ಅದಕ್ಕೇ ಹಬ್ಬ ಇಲ್ಲ’ ಎಂದಿದ್ದರು. ಆ ವಯಸ್ಸಿನ ಮಗು ಇದನ್ನು ಕೇಳಿ ಹಬ್ಬ ತಪ್ಪಿಸಿದ್ದು ಅಜ್ಜಿಯೇ ಎಂದುಕೊಳ್ಳಬಹುದು. ಹಬ್ಬದ ದಿನವನ್ನು ಕ್ಯಾಲೆಂಡರಿನಲ್ಲಿ ಮಗಳ ಕೈಯಲ್ಲೇ ಗುರುತು ಮಾಡಿಸಿ, ಅವಳಿಗೆಂದು ಎತ್ತಿಟ್ಟಿರುವ ಉಡುಗೊರೆಗಳಲ್ಲಿ ಒಂದನ್ನು ಈಗಲೇ ಕೊಟ್ಟು, 26ರಂದು ಅಮ್ಮ ಸಿಟ್ಟಿನಲ್ಲಿ ಮಾಡಿದ್ದು ತಪ್ಪಾಯಿತೆಂದು ಹೇಳಬೇಕೆಂದೆ. ಕೊನೆಯದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಗಿ ಕಂಡಿತು. ಇನ್ನು ಅತ್ತೆಯ ಮಟ್ಟಿಗೆ, ನ್ಯುಮೋನಿಯಾದ ನಿಶ್ಶಕ್ತಿ ವಾರಗಟ್ಟಲೆ ಉಳಿಯುವುದರಿಂದ ಕೂಟ ಎರಡು ಗಂಟೆ ಮೀರದಿರಲಿ, ನೆಗಡಿ ಕೆಮ್ಮು ಇದ್ದವರು ಬಾರದಿರಲಿ, ಅವರು ನಡುವೆ ಎದ್ದು ಹೋಗಿ ಮಲಗಲು ಒಂದು ಕೋಣೆ ಖಾಲಿಯಿರಲಿ ಎಂದು ಸೂಚಿಸಿದೆ.

ಜನವರಿಯ ಕೊನೆಯ ವಾರ ಅವರು ಮತ್ತೆ ಬಂದರು. ಫೋನಿನ ಮಾತು ಕೇಳಿ ನಾದಿನಿ ಎರಡು ದಿನ ಮುನಿಸಿಕೊಂಡಿದ್ದರಂತೆ. ಮೂರನೆಯ ದಿನ ಯಾರ ಮನೆಯಿಂದ ಏನು ಬರುತ್ತದೆಂಬ ಪಟ್ಟಿ ಗುಂಪಿಗೆ ಬಂತು, ಅದರಲ್ಲಿ ಇವರ ಹೆಸರಿರಲಿಲ್ಲ. ಅತ್ತೆ ಪ್ರಾರ್ಥನೆಯನ್ನು ಆರಂಭಿಸಿ ನಡುವೆ ದಣಿದಾಗ ಅದನ್ನು ನಾದಿನಿಯೇ ಮುಂದುವರಿಸಿದರು. ಎರಡು ಗಂಟೆಯ ಕೂಟ ನಾಲ್ಕು ಗಂಟೆಗೆ ಹಿಗ್ಗಿತು, ಪಾತ್ರೆ ತೊಳೆಯುವ ಕೆಲಸ ಮಾತ್ರ ಎಂದಿನಂತೆ ಇವರಿಗೇ ಉಳಿಯಿತು. ಮುಂದಿನ ಕ್ರಿಸ್‌ಮಸ್ ಎಲ್ಲಿ ಎಂಬ ಪ್ರಶ್ನೆಯನ್ನು ಯಾರೋ ಆಗಲೇ ಗುಂಪಿನಲ್ಲಿ ಹಾಕಿದ್ದಾರೆ. ಇವರು ಅದನ್ನು ಓದಿದ್ದಾರೆ, ಇನ್ನೂ ಉತ್ತರ ಬರೆದಿಲ್ಲ.